ಮೇಲಕ್ಕೆ ಜಾರಿದ ಲಿಫ್ಟ್

ಲಿಫ್ಟ್ ಕೈಕೊಟ್ಟರೆ ಕೆಳಗೆ ಬೀಳುತ್ತದೆ ಎಂದೇ ನಾನು ಆವತ್ತಿನವರೆಗೆ ತಿಳಿದುಕೊಂಡಿದ್ದೆ. ನಾನು ನಿಂತಿದ್ದ ಲಿಫ್ಟ್ ಮೇಲಕ್ಕೆ ಹೋಯಿತು. ಯಾರೂ ಅದನ್ನು ಓಡಿಸಿರಲಿಲ್ಲ, ಬಾಗಿಲನ್ನೂ ಮುಚ್ಚಿರಲಿಲ್ಲ. ಒಂದು ಗೇಣು ಏರಿತು, ಸ್ವಲ್ಪ ತಡೆದು ಇನ್ನೊಂದು ಗೇಣು ಏರಿತು. ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಒಂದು ಸ್ಟ್ರೆಚರ್ ಇತ್ತು. ಅದರ ಮೇಲೆ ಆಗಷ್ಟೇ ಆಪರೇಷನ್ ಆಗಿದ್ದ ಹೆಂಗಸು ಮಲಗಿದ್ದಳು. ನಾನು ಸ್ಟ್ರೆಚರಿನ ಸರಳು ಹಿಡಿದು ಎಳೆದೆ. ತಪ್ಪು ಕಡೆಗೆ ಎಳೆದೆ.

ಇಷ್ಟು ವರ್ಷಗಳ ಮೇಲೂ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಮೀಟಿಂಗಿನ ನಡುವೆ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಆ ಸರಳಿನ ತಣ್ಣಗಿನ ಕಬ್ಬಿಣ ಅಂಗೈಗೆ ತಾಗಿದಂತಾಗುತ್ತದೆ. ಮನಸ್ಸು ಮತ್ತೆ ಅದೇ ಲೆಕ್ಕ ಹಾಕುತ್ತದೆ: ಇನ್ನೊಂದು ಗೇಣು ಏರಿದ್ದರೆ?

ಆ ಲಿಫ್ಟಿಗೂ ನನಗೂ ಇದ್ದ ಸಂಬಂಧವನ್ನು ಮೊದಲು ಹೇಳಬೇಕು. ನಾನು ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯ ಬಜೆಟ್ ವಿಭಾಗದಲ್ಲಿದ್ದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಪರೀಕ್ಷೆ ಬರೆದು ಬಂದವಳು. ನನ್ನ ಅಜ್ಜ ನೌಕರಿಗೆಂದು ರಾಯಚೂರು ಕಡೆಯಿಂದ ಬಂದು ಇಲ್ಲೇ ಉಳಿದವರು. ನಮ್ಮಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ತರಕಾರಿಯವನ ಹತ್ತಿರ ಹಿಂದಿ. ಗಂಡ ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದರು. ಕೂಕಟ್‌ಪಲ್ಲಿಯ ನಮ್ಮ ಬಾಡಿಗೆ ಫ್ಲಾಟಿನ ಕೆಳಗೆ ಬೆಳಿಗ್ಗೆ ಅವರನ್ನು ಕರೆದೊಯ್ಯಲು ಕಂಪನಿಯ ಕಾರು ಬಂದು ನಿಲ್ಲುತ್ತಿತ್ತು. ನಾನು ಅದರ ಪಕ್ಕದಲ್ಲೇ ಹಾದು ಬೇಗಂಪೇಟೆಯ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆ. ಊರಲ್ಲಿ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ಎಲ್ಲ ಇಲಾಖೆಗಳ ಬಾಯಲ್ಲೂ ಕಂಪ್ಯೂಟರಿನ ಮಾತು. ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವನ್ನು ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಬಹುದಾದದ್ದು ಉಳಿದ ಸಣ್ಣ ಪಾಲು. ಅದರ ಏರಿಕೆಯನ್ನು ಹಿಡಿದು ನಿಲ್ಲಿಸುವುದು ನಮ್ಮ ವಿಭಾಗದ ಕೆಲಸ.

ಹೇಗೆ ನಿಲ್ಲಿಸುತ್ತಿದ್ದೆವು ಎಂದರೆ, ಮುಂದಿನ ವರ್ಷಕ್ಕೆ ಎಷ್ಟು ಬೇಕೆಂದು ಇಲಾಖೆಗಳು ಬರೆದು ಕಳಿಸುತ್ತಿದ್ದವು. ನಾವು ಕತ್ತರಿಸುತ್ತೇವೆಂದು ಅವರಿಗೆ ಗೊತ್ತು, ಆದ್ದರಿಂದ ಮೊದಲೇ ಸ್ವಲ್ಪ ಉಬ್ಬಿಸುತ್ತಿದ್ದರು. ಅವರು ಉಬ್ಬಿಸುತ್ತಾರೆಂದು ನಮಗೆ ಗೊತ್ತು, ಆದ್ದರಿಂದ ಕಣ್ಣುಮುಚ್ಚಿ ಕತ್ತರಿಸುತ್ತಿದ್ದೆವು. ವಿಭಾಗದಲ್ಲಿ ಇದಕ್ಕೆ ‘ಗಾಳಿ ಬಿಡೋದು’ ಎನ್ನುತ್ತಿದ್ದೆವು. ಅದರ ಮೇಲೆ ಒಂದು ನಿಯಮವಿತ್ತು. ಯಾವ ಬಾಬತ್ತೂ ಹೋದ ವರ್ಷಕ್ಕಿಂತ ನೂರಕ್ಕೆ ಐದರಷ್ಟರ ಮೇಲೆ ಏರುವಂತಿಲ್ಲ. ನಿಯಮ ನನಗೆ ಇಷ್ಟವಾಗಿತ್ತು. ಅದರಲ್ಲಿ ಮುಖ ನೋಡಿ ಮಣೆ ಹಾಕುವ ಮಾತಿರಲಿಲ್ಲ. ಮಧ್ಯಾಹ್ನದ ಊಟದೊಳಗೆ ಒಂದು ಇಲಾಖೆಯ ಪಟ್ಟಿಯನ್ನು ಪೆನ್ಸಿಲ್ ಹಿಡಿದು ಮುಗಿಸಿಬಿಡುತ್ತಿದ್ದೆ. ವಿಭಾಗದಲ್ಲಿ ಅಷ್ಟು ವೇಗ ಬೇರೆ ಯಾರಿಗೂ ಇರಲಿಲ್ಲ. ನನಗೆ ಆ ಬಗ್ಗೆ ಹೆಮ್ಮೆಯೂ ಇತ್ತು.

ಆ ಚಳಿಗಾಲದಲ್ಲಿ ಒಂದು ದಿನ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿ ಇಟ್ಟೆ. ಎದುರಿಗೆ ಕಂದುಬಣ್ಣದ ಸ್ವೆಟರ್ ಹಾಕಿದ, ಐವತ್ತು ದಾಟಿದ ಒಬ್ಬರು ನಿಂತಿದ್ದರು. ಕೈಯಲ್ಲಿ ನಮ್ಮಿಂದ ವಾಪಸು ಹೋದ ಪಟ್ಟಿ. ಒಂದು ಸರ್ಕಾರಿ ಆಸ್ಪತ್ರೆಯ ವಿದ್ಯುತ್ ಎಂಜಿನಿಯರ್ ಎಂದು ತೆಲುಗಿನಲ್ಲಿ ಹೇಳಿಕೊಂಡರು. ಆಮೇಲೆ ಕನ್ನಡಕ್ಕೆ ಬಂದರು.

“ಫೋನಿನ್ಯಾಗ ಕನ್ನಡ ಕೇಳಿದೆ. ಚಲೋ ಆತು. ತೆಲುಗಿನ್ಯಾಗ ನನಗ ಜಗಳಾಡಾಕ ಬರೂದಿಲ್ಲ.”

“ಜಗಳಕ್ಕ ಬಂದೀರೇನ್ರಿ?”

“ಹೌದ್ರಿ. ಐದು ವರ್ಷದಿಂದ ಕಾಗದದ ಮ್ಯಾಲ ಆಡಾಕತ್ತಿದ್ದೆ. ಈ ಸಲ ಬಾಯಲೆ ಆಡೂಣಂತ ಬಂದೆ. ಈ ಗೆರಿ ಎಳದವರು ಯಾರ್ರಿ?”

ಪಟ್ಟಿಯಲ್ಲಿ ‘ರೋಗಿಗಳ ಲಿಫ್ಟ್, ಹಗ್ಗ ಮತ್ತು ಬ್ರೇಕ್ ಬದಲಾವಣೆ’ ಎಂಬ ಸಾಲಿನ ಮೇಲೆ ಪೆನ್ಸಿಲಿನ ಗೆರೆ ಇತ್ತು. ಪಕ್ಕದಲ್ಲಿ ನನ್ನ ದುಂಡಗಿನ ಅಕ್ಷರ.

“ನಾನ ಎಳದೀನ್ರಿ. ನಿಮ್ಮ ಲಿಫ್ಟಿಗೆ ಹೋದ ವರ್ಷ ಕೊಟ್ಟದ್ದರ ಮ್ಯಾಲ ನೂರಕ್ಕ ಐದು ಕೊಡಬಹುದು. ಎಲ್ಲಾರಿಗೂ ಅದ ನಿಯಮ.”

“ಹೋದ ವರ್ಷ ಏನು ಕೊಟ್ಟಿದ್ರಿ? ಎಣ್ಣಿ, ಗ್ರೀಸು. ಅದರ ಮ್ಯಾಲ ಐದು ಅಂದ್ರ ಇನ್ನೊಂದು ಡಬ್ಬಿ ಗ್ರೀಸು. ಹಗ್ಗಾನ ವರ್ಷಕ್ಕ ಒಂದು ಗೇಣಿನಂಗ ಬದಲಿ ಮಾಡಾಕ ಬರ್ತೈತೇನ್ರಿ?”

ಪಕ್ಕದ ಟೇಬಲಿನವರು ಭಾಷೆ ತಿಳಿಯದಿದ್ದರೂ ನಕ್ಕರು. ನಾನೂ ನಕ್ಕೆ. ಆಮೇಲೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಮಾತನ್ನೇ ಹೇಳಿದೆ.

“ಎಲ್ಲಾರ ಪತ್ರದಾಗೂ ‘ಅತ್ಯಗತ್ಯ’ ಅಂತ ಬರದಿರತಾರ್ರಿ. ನಿಮ್ಮದರಾಗೂ ಐತಿ. ನಾವು ಯಾರನ್ನ ನಂಬೂಣು?”

“ಅದೂ ಖರೆ ಐತಿ ಬಿಡ್ರಿ. ತಪ್ಪು ನಂದ. ನಾನು ಯಾವತ್ತೂ ಗಾಳಿ ತುಂಬಲಿಲ್ಲ. ಉಳಿದವರು ವರ್ಷಾ ಸ್ವಲ್ಪ ಸ್ವಲ್ಪ ತುಂಬಿ ತಮ್ಮ ‘ಹೋದ ವರ್ಷ’ನ ದಪ್ಪ ಮಾಡ್ಕೊಂಡಾರ. ದಪ್ಪಂದಕ್ಕ ಐದು ಕೊಟ್ರ ಅದೂ ದಪ್ಪ. ನಂದು ಸಣ್ಣದು, ಸಣ್ಣದ ಉಳೀತು.” ಅವರು ಪಟ್ಟಿ ಮಡಚಿದರು. “ಜಗಳ ಸಾಕು. ಒಮ್ಮೆ ಬಂದು ನೋಡ್ರಿ. ಹತ್ತು ನಿಮಿಷದ ಕೆಲಸ.”

ಮೂರು ವರ್ಷ ಆ ಕುರ್ಚಿಯಲ್ಲಿ ಕುಳಿತಿದ್ದೆ. ನಾನು ಗೆರೆ ಎಳೆದ ಒಂದು ವಸ್ತುವನ್ನೂ ಕಣ್ಣಿನಿಂದ ನೋಡಿರಲಿಲ್ಲ. ಅವರ ದನಿಯಲ್ಲಿ ಅಜ್ಜನ ಊರಿನ ಮಾತಿನ ಧಾಟಿ ಇತ್ತು. ಬರೀ ಆ ದಾಕ್ಷಿಣ್ಯಕ್ಕೆ ಒಪ್ಪಿಕೊಂಡೆ.

ಮರುದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹೋದೆ. ಐದು ಮಹಡಿಯ ಹಳೆಯ ಕಟ್ಟಡ. ಸ್ಟ್ರೆಚರ್ ಹಿಡಿಸುವ ಲಿಫ್ಟ್ ಇದ್ದದ್ದು ಒಂದೇ. ಮಡಚಿಕೊಳ್ಳುವ ಕಬ್ಬಿಣದ ಜಾಲರಿಯ ಬಾಗಿಲು, ಮೂಲೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಬಿಳಿಗಡ್ಡದ ಲಿಫ್ಟ್‌ಮನ್. ಎಂಜಿನಿಯರು, ನಾನು ಮತ್ತು ಆ ಲಿಫ್ಟ್‌ಮನ್, ಮೂವರೇ ಒಳಗೆ. ಮೇಲೆ ಯಂತ್ರದ ಕೋಣೆಗೆ ಹೊರಟಿದ್ದೆವು. ಮೂರನೆಯ ಮಹಡಿಯಲ್ಲಿ ಲಿಫ್ಟ್ ನಿಂತಿತು. ಹೊರಗೆ ಆಪರೇಷನ್ ಕೋಣೆಯಿಂದ ಬಂದ ಸ್ಟ್ರೆಚರ್. ಒಬ್ಬ ವಾರ್ಡ್ ನೌಕರ ಅದನ್ನು ತಳ್ಳುತ್ತಿದ್ದ. ಪಕ್ಕದಲ್ಲಿ ಸಲೈನ್ ಬಾಟಲಿ ಎತ್ತಿಹಿಡಿದ ರೋಗಿಯ ಮಗಳು. ನಾನು ಗೋಡೆಗೆ ಸರಿದು ಜಾಗ ಕೊಟ್ಟೆ. ರೋಗಿಯ ತಲೆಯ ಕಡೆಯ ಗಾಲಿಗಳು ಹೊಸ್ತಿಲು ದಾಟಿ ಒಳಗೆ ಬಂದವು.

ಆಗ ನನ್ನ ಅಂಗಾಲಿಗೆ ಏನೋ ತಿಳಿಯಿತು. ಸದ್ದಿರಲಿಲ್ಲ. ಹೊರಗಿನ ನೆಲ ನಮ್ಮ ನೆಲಕ್ಕಿಂತ ಸ್ವಲ್ಪ ಕೆಳಗಿದೆ ಎನಿಸಿತು, ಅಷ್ಟೇ. ಸ್ಟ್ರೆಚರಿನ ತಲೆಯ ಭಾಗ ಮೇಲಕ್ಕೆದ್ದಿತು. ಲಿಫ್ಟ್‌ಮನ್ ಲಿಫ್ಟ್ ಓಡಿಸುವ ಹಿಡಿಕೆಯನ್ನು ಹಿಂದಕ್ಕೆ ಎಳೆದು, “ಹಿಲೋ ನಕ್ಕೋ, ಅಮ್ಮಾ,” ಅಲುಗಾಡಬೇಡಿ, ಎಂದರು. ಹಿಡಿಕೆ ಮೊದಲೇ ಬಂದ್ ಆಗಿತ್ತು. ಲಿಫ್ಟ್ ತಾನಾಗಿ ಏರುತ್ತಿತ್ತು.

ನಾನು ಕಂಡದ್ದು ಇಷ್ಟು: ಬಾಗಿಲಿನ ಮೇಲಿನ ಕಬ್ಬಿಣದ ಚೌಕಟ್ಟು ಇದ್ದಲ್ಲೇ ಇತ್ತು, ಲಿಫ್ಟಿನ ನೆಲ ಅದರ ಕಡೆಗೆ ಏರುತ್ತಿತ್ತು. ಕತ್ತರಿಯ ಎರಡು ಅಲಗುಗಳ ಹಾಗೆ. ನಡುವೆ ಆ ಹೆಂಗಸಿನ ದೇಹ. ಒಳಗೆ ಎಳೆದುಕೊಂಡರೆ ಉಳಿಯುತ್ತಾಳೆ ಎಂದು ನನಗೆ ಅನಿಸಿತು. ಸರಳು ಹಿಡಿದು ಬಲವೆಲ್ಲ ಹಾಕಿ ನನ್ನ ಕಡೆಗೆ ಎಳೆದೆ. ಹೊರಗುಳಿದ ಗಾಲಿಗಳು ಏರಿದ ಅಂಚಿಗೆ ತಡೆದು ಒಳಗೆ ಬರುವಂತಿರಲಿಲ್ಲ, ದಾರಿ ಇದ್ದದ್ದು ಹೊರಕ್ಕೆ ಮಾತ್ರ. ಹೊರಗಿನಿಂದ ಮಗಳು ಬಾಟಲಿ ಇಲ್ಲದ ಕೈಯಿಂದ ಅಮ್ಮನ ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ನಾವಿಬ್ಬರೂ ಒಬ್ಬಳನ್ನೇ ಎರಡು ಕಡೆಗೆ ಎಳೆಯುತ್ತಿದ್ದೆವು.

“ಬಿಡ್ರಿ ಕೈ,” ಎಂದರು ಎಂಜಿನಿಯರು. ನಾನು ಬಿಡಲಿಲ್ಲ. ಅವರು ನನ್ನ ಮಣಿಕಟ್ಟಿನ ಮೇಲೆ ಗುದ್ದಿದರು. ಬೆರಳು ಸಡಿಲವಾದವು. ಅವರೂ ಲಿಫ್ಟ್‌ಮನ್ನೂ ಭುಜ ಕೊಟ್ಟು ಸ್ಟ್ರೆಚರನ್ನು ಹೊರಕ್ಕೆ ತಳ್ಳಿದರು. ಅದು ಧಡ್ ಎಂದು ಹೊರಗಿನ ನೆಲಕ್ಕೆ ಇಳಿಯಿತು. ಬಾಟಲಿ ಒಡೆಯಿತು. ವಾರ್ಡ್ ನೌಕರ ಮಂಡಿಯೂರಿ ರೋಗಿಯನ್ನು ತಬ್ಬಿ ಹಿಡಿದುಕೊಂಡ. ಲಿಫ್ಟ್ ಇನ್ನೊಂದಿಷ್ಟು ಏರಿ, ನೆನಪಾದಂತೆ ನಿಂತಿತು. ಬಾಗಿಲಿನ ಕೆಳಗಿನ ಸಂದಿಯಲ್ಲಿ ಆ ಮಗಳ ಮುಖ ನನಗೆ ಕಾಣುತ್ತಿತ್ತು. ಅವಳು ಅಳುತ್ತಿರಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

ರೋಗಿಗೆ ಏನೂ ಆಗಲಿಲ್ಲ. ಹೊಲಿಗೆಗಳು ಹಾಗೇ ಇದ್ದವು. ಇದನ್ನು ಎಂಜಿನಿಯರು ನನಗೆ ಮೂರು ಸಲ ಹೇಳಬೇಕಾಯಿತು. ನಮ್ಮನ್ನು ಆ ಸಂದಿಯಿಂದ ಇಳಿಸಿಕೊಂಡ ಮೇಲೆ ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತು ಮೂರು ಸಲವೂ ಅದನ್ನೇ ಕೇಳಿದ್ದೆ.

“ಕೆಳಗ ಬೀಳಬೇಕಿತ್ತಲ್ರಿ?” ಎಂದೆ. ಮೂರ್ಖ ಪ್ರಶ್ನೆ ಅನಿಸಿದರೂ ಬಾಯಿಂದ ಬಂತು.

“ಇಲ್ಲ ತಂಗೀ.” ಅಲ್ಲಿಯವರೆಗೆ ಅವರು ಹಾಗೆ ಕರೆದಿರಲಿಲ್ಲ. “ಹಗ್ಗದ ಆ ತುದಿಗೆ ಕಬ್ಬಿಣದ ತೂಕ ಇರತೈತಿ. ತುಂಬಿದ ಲಿಫ್ಟ್ ಅದಕ್ಕಿಂತ ಭಾರ, ಬ್ರೇಕ್ ಸಡಿಲಾದ್ರ ಕೆಳಗ ಹೊಕ್ಕೈತಿ. ಖಾಲಿ ಇದ್ರ, ಇಲ್ಲಾ ನಮ್ಮಂಗ ಮೂರ ಮಂದಿ ಇದ್ರ ಹಗುರ, ಮ್ಯಾಲ ಹೊಕ್ಕೈತಿ. ಹಿಡಿಯೂದು ಬ್ರೇಕ್ ಒಂದ. ಅದು ಸವದು ಐದು ವರ್ಷ ಆತು.”

ಅವರು ಎದ್ದು ಹೋಗಿ ಕರೆಂಟು ತೆಗೆದರು. ಐದೂ ಮಹಡಿಯ ಜಾಲರಿ ಬಾಗಿಲುಗಳಿಗೆ ಬೀಗ ಹಾಕಿದರು. ಬೀಗದ ಕೈಗಳನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಬಂದು ನನ್ನ ಪಕ್ಕ ಕುಳಿತರು.

“ನಾಳೆ ಇದನ್ನ ತೆಗಿ ಅಂತಾರ. ರೋಗಿಗಳನ್ನ ಮೆಟ್ಟಲ ಮ್ಯಾಲ ಹೊರೂದು ಎಷ್ಟ ದಿನ? ನಾನು ತೆಗಿಯೂದಿಲ್ಲ. ಆದ್ರ ನನ್ನ ವರ್ಗ ಮಾಡಿದ್ರ ಮುಂದಿನವ ತೆಗೀತಾನ.”

ಈ ವರ್ಷದ ದುಡ್ಡು ಮುಗಿದಿತ್ತು. ನಡುವೆ ಹೆಚ್ಚುವರಿ ಕೇಳುವ ಪಟ್ಟಿಯೂ ಮುಚ್ಚಿತ್ತು. ಉಳಿದದ್ದು ಮುಂದಿನ ವರ್ಷದ ಬಜೆಟ್. ಅದರಲ್ಲಿ ಹಗ್ಗ ಮತ್ತು ಬ್ರೇಕಿನ ಸಾಲು ಅಚ್ಚಾದರೆ, ದುಡ್ಡು ಬರುತ್ತಿದೆ, ಕಾಯಿರಿ ಎಂದು ತೋರಿಸಿ ಅವರು ಬೀಗ ಉಳಿಸಿಕೊಳ್ಳಬಹುದಿತ್ತು. ಆ ಸಾಲು ಇಲ್ಲದಿದ್ದರೆ ಲಿಫ್ಟ್ ಇದ್ದ ಸ್ಥಿತಿಯಲ್ಲೇ ಮತ್ತೆ ಓಡುತ್ತಿತ್ತು. ಆ ಸಾಲಿನ ಮೇಲೆ ನನ್ನ ಗೆರೆ ಇತ್ತು.

ಬಸ್ಸಿನಲ್ಲಿ ವಾಪಸು ಬರುವಾಗ ಮಣಿಕಟ್ಟು ಊದಿತ್ತು. ಬೇಗಂಪೇಟೆ ದಾಟುವ ಹೊತ್ತಿಗೆ ಎರಡು ವಿಷಯ ನಿಶ್ಚಯವಾಗಿದ್ದವು. ಆ ಲಿಫ್ಟಿಗೆ ಹೊಸ ಬ್ರೇಕ್ ಬರಬೇಕು. ಬಜೆಟ್ಟಿನ ಒಟ್ಟು ಮೊತ್ತ ಒಂದು ರೂಪಾಯಿಯೂ ಏರಬಾರದು. ಎರಡನೆಯದನ್ನು ಬಿಟ್ಟುಕೊಟ್ಟರೆ ಮೊದಲನೆಯದು ಸುಲಭ ಅನ್ನಿಸಬಹುದು. ಆದರೆ ಹೆದರಿಕೆಯಲ್ಲಿ ಒಂದು ಸಾಲು ಸೇರಿಸಿದವಳು ನಾಳೆ ಕನಿಕರದಲ್ಲಿ ಇನ್ನೊಂದು ಸೇರಿಸುತ್ತಾಳೆ. ಸಾಲದ ಬಡ್ಡಿ ಪ್ರತಿ ವರ್ಷ ಆ ಉಳಿದ ಸಣ್ಣ ಪಾಲನ್ನು ಹೇಗೆ ತಿನ್ನುತ್ತ ಬರುತ್ತಿದೆ ಎಂಬುದನ್ನು ನಾನೇ ನೋಡುತ್ತಿದ್ದೆ. ಬಡ್ಡಿ ಏರಿದ ವರ್ಷ ಮೊದಲು ಹೋಗುವುದು ಇಂಥ ಬ್ರೇಕುಗಳೇ.

ನಮ್ಮ ಉಪ ಕಾರ್ಯದರ್ಶಿಗಳು ನಿವೃತ್ತಿಗೆ ಹತ್ತಿರವಿದ್ದ, ಎಂದೂ ದನಿ ಎತ್ತದ ಮನುಷ್ಯ. ನಡೆದದ್ದನ್ನೆಲ್ಲ ಕೇಳಿ ನನ್ನ ಮಣಿಕಟ್ಟು ನೋಡಿದರು. ಅವರು ಮಾತಾಡಿದ್ದು ತೆಲುಗಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

“ಮೊದಲು ಡಾಕ್ಟರಿಗೆ ತೋರಿಸು, ಅಮ್ಮಾ. ಆಮೇಲೆ ಕೇಳು. ಒಂದು ಲಿಫ್ಟಿಗೆ ಬಾಗಿಲು ತೆಗೆದರೆ ನಾಳೆ ನಲವತ್ತು ಲಿಫ್ಟ್ ಬಂದು ನಿಲ್ಲುತ್ತವೆ.”

“ಮೊತ್ತ ಏರಿಸುವುದು ಬೇಡ ಸರ್. ಆ ಇಲಾಖೆಯ ಮಿತಿಯೊಳಗಿಂದಲೇ ತೆಗೆದುಕೊಡುತ್ತೇನೆ.”

“ಯಾರ ತಟ್ಟೆಯಿಂದ?”

“ಹುಡುಕುತ್ತೇನೆ.”

“ಹುಡುಕು. ಹದಿನೈದು ದಿನ ಇದೆ. ಆಮೇಲೆ ಬಜೆಟ್ ಪುಸ್ತಕ ಪ್ರೆಸ್ಸಿಗೆ ಹೋಗುತ್ತದೆ.” ಕನ್ನಡಕ ತೆಗೆದು ಒರೆಸಿಕೊಂಡರು. “ಯಾರಾದರೂ ಬೈದರೆ ನನ್ನ ಹೆಸರು ಹೇಳಬೇಡ.”

ಮೊದಲ ವಾರ ಕಾಗದದಲ್ಲೇ ಹುಡುಕಿದೆ. ಪ್ರಯೋಜನವಾಗಲಿಲ್ಲ. ಔಷಧಿ, ಹಾಸಿಗೆ, ಊಟ, ಆಂಬುಲೆನ್ಸಿನ ಡೀಸೆಲ್, ಎಲ್ಲ ಸಾಲುಗಳೂ ನಿಯಮಕ್ಕೆ ತಕ್ಕಂತೆ ಇದ್ದವು. ಎಲ್ಲವೂ ‘ಅತ್ಯಗತ್ಯ’. ಯಾವುದರಲ್ಲಿ ಗಾಳಿ ಇದೆ, ಯಾವುದರಲ್ಲಿ ರಕ್ತ ಇದೆ ಎಂದು ಕಾಗದ ಹೇಳುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಸ್ಟ್ರೆಚರಿನ ಸರಳು ನೆನಪಾಗುತ್ತಿತ್ತು. ಗೆರೆ ಎಳೆಯಲಾಗದೆ ಕೈ ನಿಲ್ಲುತ್ತಿತ್ತು. ಮಧ್ಯಾಹ್ನದೊಳಗೆ ಪಟ್ಟಿ ಮುಗಿಸುತ್ತಿದ್ದವಳು ಸಂಜೆಯಾದರೂ ಮೊದಲ ಪುಟದಲ್ಲೇ ಇದ್ದೆ.

ಒಂದು ಬೆಳಿಗ್ಗೆ ಗಂಡ ಷೂ ಹಾಕಿಕೊಳ್ಳುತ್ತ ಕೇಳಿದರು. ಅವರು ಹುಬ್ಬಳ್ಳಿಯವರು.

“ಒಂದ ಪುಟಾನ ಎಷ್ಟ ಸಲ ಓದ್ತಿ? ಅದರಾಗ ಏನು ಐತಿ?”

“ಏನೈತಿ ಅಂತ ತಿಳೀಲಾರದಕ್ಕ ಓದಾಕತ್ತೀನಿ.”

“ಲಿಫ್ಟ್ ಹೆಂಗೈತಿ ಅಂತ ಕಾಗದ ಓದಿದಾಗ ತಿಳಿದಿತ್ತೇನು ನಿನಗ?”

“ಇಲ್ಲ.”

“ಮತ್ತ?” ಕೆಳಗೆ ಕಾರಿನ ಹಾರ್ನ್ ಕೇಳಿಸಿತು. “ನಮ್ಮಲ್ಲೂ ಹಂಗ. ಕೆಟ್ಟದ್ದು ಯಾವ ರಿಪೋರ್ಟಿನ್ಯಾಗೂ ಇರೂದಿಲ್ಲ. ಎದ್ದು ಹೋಗಿ ನೋಡಬೇಕು. ಮಣಿಕಟ್ಟು ಜ್ವಾಕಿ.”

ಎರಡು ದಿನ ರಜೆ ಹಾಕಿದೆ. ಮತ್ತೆ ಅದೇ ಆಸ್ಪತ್ರೆಗೆ ಹೋದೆ. ಮೆಟ್ಟಿಲ ಮೇಲೆ ನಾಲ್ವರು ಒಬ್ಬ ರೋಗಿಯನ್ನು ಹೊತ್ತು ಇಳಿಯುತ್ತಿದ್ದರು. ಕೆಳಗಿನ ತಿರುವಿನಲ್ಲಿ ಅವರು ಸ್ಟ್ರೆಚರನ್ನು ತಲೆಯ ಮಟ್ಟಕ್ಕೆ ಎತ್ತಿ ಓರೆ ಮಾಡಬೇಕಾಯಿತು. ಅಲ್ಲಿ ಅರ್ಧ ದಾರಿಯನ್ನು ರಟ್ಟಿನ ಪೆಟ್ಟಿಗೆಗಳು ಹಿಡಿದಿದ್ದವು, ಗೋಡೆಯ ಎತ್ತರಕ್ಕೆ.

“ಏನ್ರಿ ಇವು?” ಎಂದು ಎಂಜಿನಿಯರನ್ನು ಕೇಳಿದೆ.

“ಕಂಪ್ಯೂಟರ್ರು. ಬಂದು ಮೂರು ವರ್ಷ ಆತು. ಕುಂಡರಾಕ ಆಪರೇಟರ್ ಇಲ್ಲ, ಹುದ್ದೆ ನೀವು ಕೊಡಲಿಲ್ಲ. ವೈರಿಂಗಿಗೆ ರೊಕ್ಕ ಇಲ್ಲ, ಅದನ್ನೂ ನೀವು ಕೊಡಲಿಲ್ಲ. ಇವನ್ನ ಮಾತ್ರ ಕೇಳಲಾರದ ಕೊಟ್ರಿ.”

ನಾನು ಮೆಟ್ಟಿಲ ಮೇಲೆ ಕುಳಿತು ಪಟ್ಟಿ ತೆಗೆದೆ. ‘ಕಂಪ್ಯೂಟರುಗಳ ವಾರ್ಷಿಕ ನಿರ್ವಹಣೆ’ ಎಂಬ ಸಾಲು ಅದರಲ್ಲಿತ್ತು. ಪ್ರತಿ ವರ್ಷ ನೂರಕ್ಕೆ ಐದರಂತೆ ಏರಿತ್ತು, ನಿಯಮ ಮೀರದೆ. ಮೂರೂ ವರ್ಷ ಅದರ ಪಕ್ಕ ಸರಿ ಎಂದು ಗುರುತು ಹಾಕಿದವಳು ನಾನೇ. ಸೀಲು ಒಡೆಯದ ಪೆಟ್ಟಿಗೆಗಳನ್ನು ಸರಿಯಾಗಿ ಓಡುವಂತೆ ನೋಡಿಕೊಳ್ಳಲು ನಾವು ಒಬ್ಬ ಗುತ್ತಿಗೆದಾರನಿಗೆ ದುಡ್ಡು ಕೊಡುತ್ತಿದ್ದೆವು. ಆ ದಿನಗಳಲ್ಲಿ ಕಂಪ್ಯೂಟರ್ ಎಂಬ ಶಬ್ದ ಕಂಡರೆ ಪೆನ್ಸಿಲ್ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಲಿಫ್ಟಿನ ಹಗ್ಗ ಕಂಡರೆ ಮಾತ್ರ ಗೆರೆ.

“ಎಣಸೂಣ ಬರ್ರಿ,” ಎಂದೆ.

ಎಣಿಸಿದೆವು. ಪ್ರತಿ ಪೆಟ್ಟಿಗೆಯ ನಂಬರು ಬರೆದುಕೊಂಡೆವು. ಲಿಫ್ಟ್‌ಮನ್ ಈಗ ಕೆಲಸವಿಲ್ಲದೆ ಕುಳಿತಿದ್ದರು. ಅವರೂ ಬಂದು ಪೆಟ್ಟಿಗೆ ಸರಿಸಿ ಕೊಟ್ಟರು. ಸಂಜೆಯೊಳಗೆ ತಿರುವಿನಲ್ಲಿ ಸ್ಟ್ರೆಚರ್ ಸಲೀಸಾಗಿ ಇಳಿಯುವಷ್ಟು ಜಾಗವಾಗಿತ್ತು. ಮರುದಿನ ಅದೇ ಇಲಾಖೆಯ ಇನ್ನೆರಡು ಆಸ್ಪತ್ರೆಗಳಿಗೆ ಹೋದೆ. ಒಂದರಲ್ಲಿ ಪೆಟ್ಟಿಗೆಗಳು ಹೆಣದ ಕೋಣೆಯ ಹೊರಗಿದ್ದವು. ಇನ್ನೊಂದರಲ್ಲಿ ಕಂಪ್ಯೂಟರುಗಳನ್ನು ನಿಜವಾಗಿ ಬಳಸುತ್ತಿದ್ದರು. ಅಲ್ಲಿಯ ಸಾಲನ್ನು ನಾನು ಮುಟ್ಟಲಿಲ್ಲ. ನೋಡದೇ ಇದ್ದಿದ್ದರೆ ಅದನ್ನೂ ಕತ್ತರಿಸಿಬಿಡುತ್ತಿದ್ದೆ.

ಪುಸ್ತಕ ಪ್ರೆಸ್ಸಿಗೆ ಹೋಗುವ ಮೂರು ದಿನ ಮುಂಚೆ ಆಸ್ಪತ್ರೆಗಳ ಇಲಾಖೆಯ ಜೊತೆ ಮೀಟಿಂಗು ನಡೆಯಿತು. ಇಲಾಖೆಯ ಕಡೆಯಿಂದ ಬಂದ ಅಧಿಕಾರಿ ನನ್ನ ಟಿಪ್ಪಣಿ ಓದಿ ಮೇಜಿನ ಮೇಲಿಟ್ಟರು.

“ಈ ಊರಲ್ಲಿ, ಈ ಹೊತ್ತಿನಲ್ಲಿ, ಕಂಪ್ಯೂಟರಿನ ಖರ್ಚು ಕಡಿತ. ಮಾದಾಪುರದವರು ಕೇಳಿದರೆ ಮೆರವಣಿಗೆ ಮಾಡುತ್ತಾರೆ ನಿಮ್ಮನ್ನು.”

“ನನ್ನ ಮನೆಯವರು ಮಾದಾಪುರದಲ್ಲೇ ಕೆಲಸ ಮಾಡುವುದು ಸರ್. ಅಲ್ಲಿ ಪೆಟ್ಟಿಗೆ ಒಡೆದು ಬಳಸುತ್ತಾರಂತೆ.”

ಯಾರೋ ಕೆಮ್ಮಿದರು. ಆ ಅಧಿಕಾರಿ ನಗಲಿಲ್ಲ.

“ಒಳಗೆ ಏನಾಗುತ್ತಿದೆ ಎಂದು ನಿಮ್ಮ ವಿಭಾಗಕ್ಕೆ ಏನು ಗೊತ್ತು? ಯಾರೋ ಹೇಳಿದ್ದನ್ನು ಬರೆದಿದ್ದೀರಿ.”

“ನಾನೇ ನೋಡಿದ್ದೇನೆ ಸರ್. ಮೆಟ್ಟಿಲ ಕೆಳಗೆ ಕುಳಿತು ಎಣಿಸಿದ್ದೇನೆ. ಪೆಟ್ಟಿಗೆಯ ನಂಬರುಗಳು ಹಿಂದಿನ ಪುಟದಲ್ಲಿವೆ. ಒಂದು ಸೀಲು ಒಡೆದಿದ್ದರೂ ನನ್ನ ಟಿಪ್ಪಣಿ ವಾಪಸು ತೆಗೆದುಕೊಳ್ಳುತ್ತೇನೆ.”

ಲಿಫ್ಟಿನಲ್ಲಿ ನಡೆದದ್ದನ್ನು ಐದು ವಾಕ್ಯದಲ್ಲಿ ಹೇಳಿದೆ. ನಾನು ಯಾವ ಕಡೆಗೆ ಎಳೆದೆ ಎಂಬುದನ್ನೂ ಹೇಳಿದೆ. ಸೀಲು ಒಡೆಯದ ಪೆಟ್ಟಿಗೆಗಳ ನಿರ್ವಹಣೆಯನ್ನು ತೆಗೆದರೆ ಹಗ್ಗ, ಬ್ರೇಕ್ ಎರಡೂ ಬರುತ್ತವೆ, ಆಮೇಲೂ ಇಲಾಖೆಯ ಮೊತ್ತ ಮಿತಿಗಿಂತ ಸ್ವಲ್ಪ ಕೆಳಗೇ ಉಳಿಯುತ್ತದೆ ಎಂದು ಮುಗಿಸಿದೆ. ಆ ಅಧಿಕಾರಿ ಹಿಂದಿನ ಪುಟ ತಿರುಗಿಸಿ ನಂಬರುಗಳ ಮೇಲೆ ಬೆರಳು ಓಡಿಸಿದರು.

ನಮ್ಮ ಉಪ ಕಾರ್ಯದರ್ಶಿಗಳು ಅಷ್ಟು ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದವರು ಈಗ ಬಾಯಿಬಿಟ್ಟರು. “ಟಿಪ್ಪಣಿಗೆ ನನ್ನ ಸಹಿಯೂ ಇರಲಿ, ಅಮ್ಮಾ. ಪೆನ್ನು ಕೊಡು.”

ಹಗ್ಗ ಮತ್ತು ಬ್ರೇಕಿನ ಸಾಲು ಸೇರಿ ಅಚ್ಚಿಗೆ ಹೋಗುವ ಪುಟದ ಪ್ರತಿಯನ್ನು ಸಂಜೆಯೇ ಎಂಜಿನಿಯರಿಗೆ ಕಳಿಸಿದೆ. ಅವರ ಮೇಲೆ ಒತ್ತಡ ಶುರುವಾಗಿತ್ತು. ಲಿಫ್ಟ್ ತೆರೆಯಬೇಕೆಂಬ ಲಿಖಿತ ಆದೇಶ ಬಂದು ಎರಡು ದಿನವಾಗಿತ್ತು. ಆ ಪ್ರತಿಯನ್ನು ಅವರು ಬೀಗದ ಪಕ್ಕದಲ್ಲೇ, ಮೊದಲ ಮಹಡಿಯ ಜಾಲರಿಗೆ ಅಂಟಿಸಿದರಂತೆ. ಬೀಗ ಏಪ್ರಿಲಿನವರೆಗೆ ಉಳಿಯಿತು. ಬೇಸಿಗೆಯಲ್ಲಿ ಹಗ್ಗ ಬದಲಾಯಿತು, ಸವೆದ ಬ್ರೇಕಿನ ಜಾಗಕ್ಕೆ ಹೊಸದು ಬಂತು. ಪರೀಕ್ಷೆಯ ದಿನ ಎಂಜಿನಿಯರು ನನ್ನನ್ನು ಕರೆದರು. ಖಾಲಿ ಲಿಫ್ಟನ್ನು ಮೂರನೆಯ ಮಹಡಿಯಲ್ಲಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಎರಡೂ ನೆಲ ಸೇರುವ ಜಾಗದಲ್ಲಿ ಒಂದು ಸೀಮೆಸುಣ್ಣದ ಗೆರೆ ಎಳೆದರು. ಅರ್ಧ ಗಂಟೆ ನಾವು ಮೂವರೂ ಆ ಗೆರೆಯನ್ನು ನೋಡುತ್ತ ಕುಳಿತೆವು. ಗೆರೆ ಕದಲಲಿಲ್ಲ. ಆಮೇಲೆ ಲಿಫ್ಟ್‌ಮನ್ ತಮ್ಮ ಸ್ಟೂಲು ಒಳಗಿಟ್ಟರು.

ಮುಂದಿನ ಚಳಿಗಾಲದಲ್ಲಿ ಅದೇ ಆಸ್ಪತ್ರೆಯ ಹೊಸ ಪಟ್ಟಿ ಬಂತು. ಈ ಸಲ ಜನರೇಟರಿನ ದುರಸ್ತಿ. ಅಂಕಿ ನೋಡಿ ನನಗೆ ಅನುಮಾನ ಬಂತು. ಎಂಜಿನಿಯರಿಗೆ ಫೋನ್ ಮಾಡಿದೆ.

“ಖರೇ ಹೇಳ್ರಿ. ಇದರಾಗ ಗಾಳಿ ಎಷ್ಟೈತಿ?”

ಆ ಕಡೆ ಅವರು ನಕ್ಕರು. “ಭಾಳಿಲ್ಲ ತಂಗೀ. ಕಾಲು ಭಾಗ. ನೀವ ಕಲಿಸಿದ್ದಲ್ಲೇನು?”

ಆ ಮಾತು ನನಗೆ ಚುಚ್ಚಿತು. ಐದು ವರ್ಷ ಗಾಳಿ ತುಂಬದ ಮನುಷ್ಯ ನಮ್ಮ ಪೆನ್ಸಿಲಿಗೆ ಹೆದರಿ ತುಂಬಲು ಶುರುಮಾಡಿದ್ದರು. ಇಂಥ ಹೆದರಿಕೆ ಎಷ್ಟು ಪಟ್ಟಿಗಳಲ್ಲಿ ಅಂಕಿಯಾಗಿ ಕುಳಿತಿರಬಹುದು? ಖರ್ಚು ಏರುತ್ತಿದ್ದದ್ದು ದುರಾಸೆಯಿಂದ ಎಂದು ನಾನು ತಿಳಿದಿದ್ದೆ. ಅದರಲ್ಲಿ ಒಂದು ಪಾಲನ್ನು ನಾವೇ, ನೋಡದೆ ಕತ್ತರಿಸಿ ಕತ್ತರಿಸಿ, ಏರಿಸಿದ್ದೆವು.

“ಖರೇ ಅಂಕಿ ಬರದು ಕಳಸ್ರಿ,” ಎಂದೆ. “ಮಿತಿಯೊಳಗಿನ ಜಾಗ ನಾನು ಹುಡುಕ್ತೀನಿ. ಗೆರಿ ಎಳೆಯೂದಿಲ್ಲ. ಆದ್ರ ಬಂದು ನೋಡ್ತೀನಿ.”

“ಎಲ್ಲಾರಿಗೂ ಹಿಂಗ ಹೇಳ್ತೀರೇನು?”

“ಹೇಳಾಕತ್ತೀನಿ. ಒಬ್ಬೊಬ್ಬರಿಗ.”

ಆ ವರ್ಷ ನಮ್ಮ ವಿಭಾಗದ ಪಟ್ಟಿಗೆ ಒಂದು ಕಾಲಮ್ ಸೇರಿಸಿದ್ದೆ: ನೋಡಿದವರು ಯಾರು, ಯಾವಾಗ. ಮೊದಲು ಅದಕ್ಕೆ ನಕ್ಕರು. ಬಹುತೇಕ ಸಾಲುಗಳ ಮುಂದೆ ಅದು ಖಾಲಿಯೇ ಉಳಿಯಿತು, ಎಲ್ಲವನ್ನೂ ನೋಡಲು ನಮ್ಮಲ್ಲಿ ಜನ ಎಲ್ಲಿದ್ದರು. ಆದರೆ ಖಾಲಿ ಜಾಗ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿ ಗೆರೆ ಎಳೆಯುವ ಮುನ್ನ ಕೈ ಸ್ವಲ್ಪ ತಡೆಯುತ್ತಿತ್ತು.

ನಾಲ್ಕು ದಿನದ ಮೇಲೆ ಹೊಸ ಪತ್ರ ಬಂತು. ಅಂಕಿ ಕಾಲು ಭಾಗ ಇಳಿದಿತ್ತು. ‘ಅತ್ಯಗತ್ಯ’ ಎಂಬ ಶಬ್ದ ಅದರಲ್ಲಿರಲಿಲ್ಲ. ಮಧ್ಯಾಹ್ನ ಹೋಗಿ ಜನರೇಟರ್ ನೋಡಿದೆ, ಅದರ ಹೊಗೆಯಲ್ಲಿ ಕೆಮ್ಮಿದೆ. ಮೂರನೆಯ ಮಹಡಿಗೆ ಲಿಫ್ಟಿನಲ್ಲಿ ಹೋದೆ. ಬಾಗಿಲು ತೆರೆದಾಗ ಬಲಗೈ ಮುಷ್ಟಿ ಕಟ್ಟಿತು. ಹಾಗೇ ಕಟ್ಟಿದ ಮುಷ್ಟಿಯಲ್ಲೇ ಹೊರಗೆ ಕಾಲಿಟ್ಟೆ.

ಸಂಜೆ ಉಪ ಕಾರ್ಯದರ್ಶಿಗಳು ಪಟ್ಟಿಯ ಮೇಲೆ ಕಣ್ಣಾಡಿಸಿ, ಆ ಸಾಲಿನ ಹತ್ತಿರ ನಿಂತರು.

“ಇದರಲ್ಲಿ ಎಷ್ಟು ತೆಗೆದೆ, ಅಮ್ಮಾ?”

“ತೆಗೆಯಲು ಏನೂ ಇರಲಿಲ್ಲ ಸರ್,” ಎಂದು ಹೇಳಿ, ಹೊಸ ಕಾಲಮಿನಲ್ಲಿ ತಾರೀಕು ಬರೆದು ಸಹಿ ಹಾಕಿದೆ.